ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಒಂದು ದಿನ

ಈ ಸಲ ಬೆಂಗಳೂರಿಗೆ ಹೊರಡುವಾಗ ನಾನು ಒಂದು ಖಾಲಿ ಚೀಲವನ್ನೂ ಜೊತೆಗೆ ತೆಗೆದುಕೊಂಡಿದ್ದೆ. ಮಗಳಿಗೆಂದು ಮಾಡಿದ ಕೊಬ್ಬರಿ ಮಿಠಾಯಿ, ಕೋಡುಬಳೆ, ಚಟ್ನಿಪುಡಿ, ಸಾರಿನಪುಡಿಯ ಡಬ್ಬಿಗಳೆಲ್ಲ ದೊಡ್ಡ ಚೀಲದಲ್ಲಿ. ಅದರ ತಳದಲ್ಲಿ ಮಡಿಸಿಟ್ಟಿದ್ದು ಈ ಖಾಲಿ ಚೀಲ. "ಅದ್ಯಾಕೆ?" ಎಂದು ಅತ್ತೆಯವರು ಕೇಳಿದರು. "ಬರುವಾಗ ಬೇಕಾಗಬಹುದು" ಎಂದು ತೇಲಿಸಿಬಿಟ್ಟೆ. ಮೊಮ್ಮಗಳ ಬಟ್ಟೆಬರೆ ತುಂಬಿಕೊಂಡು ಅವಳನ್ನು ಮನೆಗೇ ಕರೆತರುವ ಯೋಚನೆ ನನಗಿದೆ ಎಂದು ಅವರಿಗೆ ಹೇಳಲು ಬಾಯಿ ಬರಲಿಲ್ಲ.

ನಮ್ಮದು ತಿಪಟೂರು. ಕೊಬ್ಬರಿ ವ್ಯಾಪಾರದ ಮನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಮಗಳು ಮಾತ್ರ ಕಂಪ್ಯೂಟರ್ ಇಂಜಿನಿಯರಿಂಗ್ ಮುಗಿಸಿ, ಎರಡು ವರ್ಷದಿಂದ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದಾಳೆ. ಮೊದಮೊದಲು ಫೋನಿನಲ್ಲಿ ಅವಳ ಮಾತು ಮುಗಿಯುತ್ತಲೇ ಇರಲಿಲ್ಲ. ಬರಬರುತ್ತಾ "ಊಟ ಆಯ್ತಾ, ಮಲಗ್ತೀನಿ" ಎನ್ನುವಷ್ಟಕ್ಕೆ ಬಂತು. ಹೋದ ತಿಂಗಳು ಒಂದು ರಾತ್ರಿ, "ಅಮ್ಮ, ಕೆಲಸ ಬಿಟ್ಟು ಬಂದುಬಿಡ್ತೀನಿ" ಎಂದಳು.

"ಕೆಲಸ ಕಷ್ಟವೇನೇ?" ಎಂದೆ.

"ಕೆಲಸ ಕಷ್ಟ ಇಲ್ಲಮ್ಮ. ಅದನ್ನ ಮಾಡಿದ್ದು ನಾನು ಅಂತ ಯಾರಿಗೂ ಗೊತ್ತಾಗೋದೇ ಇಲ್ಲ. ಅದೇ ಕಷ್ಟ."

ನಮ್ಮ ಯಜಮಾನರಿಗೆ ಹೇಳಿದೆ. "ಬರಲಿ ಬಿಡು, ಅರಸೀಕೆರೆ ಕಡೆಯಿಂದ ಒಂದು ಸಂಬಂಧ ಬಂದಿದೆ" ಎಂದು ಸುಲಭವಾಗಿ ಹೇಳಿ ಪೇಪರ್ ಬಿಡಿಸಿದರು. ಸರಿ, ನಾನು ಚೀಲ ಕಟ್ಟಿದೆ.

ಶುಕ್ರವಾರ ಸಂಜೆ ವೈಟ್‌ಫೀಲ್ಡಿನ ಅವಳ ಪೇಯಿಂಗ್ ಗೆಸ್ಟ್ ಕೋಣೆ ಸೇರಿದಾಗ ಕತ್ತಲಾಗಿತ್ತು. ಮಂಚದ ಮೇಲೆ ಕೂತು ಮಗಳು ಒಂದೊಂದಾಗಿ ಹೇಳಿದಳು. ಅವರ ಗುಂಪಿನಲ್ಲಿ ಒಂಬತ್ತು ಜನ, ಹುಡುಗಿಯರು ಇಬ್ಬರೇ. ಮೀಟಿಂಗ್ ಆದಾಗಲೆಲ್ಲ ಯಾರು ಏನು ಹೇಳಿದರು ಎಂದು ಬರೆದುಕೊಳ್ಳುವುದು ಇವಳೇ. ಯಾರದಾದರೂ ಹುಟ್ಟುಹಬ್ಬ ಬಂದರೆ ಕೇಕು ತರಿಸುವುದೂ ಇವಳೇ. ಇವಳು ಒಂದು ಉಪಾಯ ಹೇಳಿದರೆ ಎಲ್ಲರೂ ಸುಮ್ಮನಿರುತ್ತಾರೆ. ಹತ್ತು ನಿಮಿಷ ಬಿಟ್ಟು ಅದನ್ನೇ ಪಕ್ಕದ ಹುಡುಗ ಹೇಳಿದರೆ "ಭೇಷ್!" ಎನ್ನುತ್ತಾರೆ. ಒಮ್ಮೆ ಗಿರಾಕಿಯ ಕಂಪ್ಯೂಟರ್ ವ್ಯವಸ್ಥೆ ಕೆಟ್ಟು ನಿಂತಾಗ ರಾತ್ರಿ ಎರಡು ಗಂಟೆಯವರೆಗೆ ಕೂತು ತಪ್ಪು ಹುಡುಕಿ ಸರಿಮಾಡಿದ್ದು ಇವಳು. ಬೆಳಿಗ್ಗೆ ಮೇಲಧಿಕಾರಿ ಕಳಿಸಿದ ಪತ್ರದಲ್ಲಿ ಧನ್ಯವಾದ ಬಂದದ್ದು ಬೇರೆಯವರ ಹೆಸರಿಗೆ. ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಇನ್ನೊಂದು. ಗಿರಾಕಿಯೊಬ್ಬ ಫೋನಿನಲ್ಲಿ ಇವಳ ದನಿ ಕೇಳಿದವನೇ, "ತಾಂತ್ರಿಕ ವಿಷಯ ಗೊತ್ತಿರೋರು ಯಾರಾದರೂ ಇದ್ದರೆ ಕೊಡಿ" ಎಂದನಂತೆ.

"ಹೋಗಲಿ ಬಿಡು, ನಾಳೆ ಶನಿವಾರ. ಎಲ್ಲಾದರೂ ಸುತ್ತಿ ಬರೋಣ" ಎಂದೆ. ಲಾಲ್‌ಬಾಗ್ ನನ್ನ ಮನಸ್ಸಿನಲ್ಲಿತ್ತು. ಅವಳು, "ನಾಳೆ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಓಪನ್ ಡೇ ಅಮ್ಮ. ವರ್ಷಕ್ಕೆ ಒಂದೇ ದಿನ ಎಲ್ಲರನ್ನೂ ಒಳಗೆ ಬಿಡ್ತಾರೆ" ಎಂದಳು. ನನಗೆ ವಿಜ್ಞಾನವೆಂದರೆ ಎಸ್ಸೆಸ್ಸೆಲ್ಸಿಯಲ್ಲಿ 38 ಅಂಕ. ಆದರೂ ಒಪ್ಪಿಕೊಂಡೆ.

ಬೆಳಿಗ್ಗೆ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಯಶವಂತಪುರದಲ್ಲಿ ಇಳಿದು ಆಟೋ ಹಿಡಿದೆವು. ಅದರ ಸರಿಯಾದ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ. ಆದರೆ ಹಳೆಯ ಬೆಂಗಳೂರಿನವರ ಬಾಯಲ್ಲಿ ಈಗಲೂ ಟಾಟಾ ಇನ್‌ಸ್ಟಿಟ್ಯೂಟೇ. ಜೆಮ್‌ಷೆಡ್‌ಜಿ ಟಾಟಾ ಅವರು ಇದಕ್ಕಾಗಿ ತಮ್ಮ ಆಸ್ತಿಯ ದೊಡ್ಡ ಪಾಲನ್ನು ತೆಗೆದಿಟ್ಟರು. ಆದರೆ 1904ರಲ್ಲೇ ತೀರಿಕೊಂಡರು, ಕಟ್ಟಡವನ್ನು ಕಣ್ಣಾರೆ ಕಾಣಲಿಲ್ಲ. ನಮ್ಮ ಮೈಸೂರು ಸಂಸ್ಥಾನ ಸುಮಾರು 370 ಎಕರೆ ಜಾಗ ಕೊಟ್ಟಿತು. 1909ರಲ್ಲಿ ಸಂಸ್ಥೆ ಹುಟ್ಟಿತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ಕಟ್ಟಡಕ್ಕೆ ಅಡಿಗಲ್ಲು ಹಾಕಿದರು.

ಗೇಟಿನೊಳಗೆ ಕಾಲಿಟ್ಟರೆ ಬೆಂಗಳೂರು ಹಿಂದೆ ಉಳಿದಂತೆ. ಎರಡೂ ಕಡೆ ಸಾಲುಮರ, ತಂಪು ನೆರಳು. ಮುಖ್ಯ ಕಟ್ಟಡ ಬೂದುಗಲ್ಲಿನದು, ನಡುವೆ ಎತ್ತರದ ಗೋಪುರ, ಮುಂದೆ ಟಾಟಾ ಅವರ ಪ್ರತಿಮೆ. ಆ ದಿನ ಜನವೋ ಜನ! ನಮ್ಮ ಸಿದ್ಧರಾಮೇಶ್ವರ ಜಾತ್ರೆಯ ಹಾಗೆ. ಶಾಲೆ ಮಕ್ಕಳ ಸಾಲು, ಹೆಗಲ ಮೇಲೆ ಕೂಸು ಕೂರಿಸಿಕೊಂಡ ಅಪ್ಪಂದಿರು, ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿದ ನನ್ನಂಥ ಅಮ್ಮಂದಿರು.

ಗೋಪುರದ ಮುಂದಿನ ಹುಲ್ಲಿನ ಮೇಲೆ ಕೂತಾಗ ಮಗಳು ಒಂದು ಕಥೆ ಹೇಳಿದಳು. 1933ರಲ್ಲಿ ಮುಂಬಯಿಯಿಂದ ಕಮಲಾ ಭಾಗವತ್ ಎಂಬ ಹುಡುಗಿ ಇಲ್ಲಿಗೆ ಬಂದಳು. ಬಿ.ಎಸ್ಸಿ.ಯಲ್ಲಿ ಎಲ್ಲರಿಗಿಂತ ಮುಂದು. ಆಗ ಸಂಸ್ಥೆಯ ನಿರ್ದೇಶಕರು ನೊಬೆಲ್ ಬಹುಮಾನ ಪಡೆದ ಸರ್ ಸಿ.ವಿ. ರಾಮನ್. ಹೆಣ್ಣುಮಕ್ಕಳಿಗೆ ಸಂಶೋಧನೆ ಆಗದು ಎಂದು ಅವರು ಸೇರಿಸಿಕೊಳ್ಳಲಿಲ್ಲ. ಹುಡುಗಿ ಹಿಂದಿರುಗಲಿಲ್ಲ. ತನ್ನನ್ನು ಯಾಕೆ ಬೇಡವೆನ್ನುತ್ತೀರಿ ಎಂದು ಕೇಳಿ, ಪಟ್ಟು ಹಿಡಿದಳು. ಕೊನೆಗೆ ಷರತ್ತಿನ ಮೇಲೆ ಸೇರಿಸಿಕೊಂಡರು: ಒಂದು ವರ್ಷ ಪರೀಕ್ಷೆಯ ಅವಧಿ, ಕೆಲಸ ಸರಿಯೆನಿಸಿದರೆ ಮಾತ್ರ ಮಾನ್ಯತೆ, ಅವಳಿಂದ ಹುಡುಗರ ಗಮನ ಕೆಡಬಾರದು! ವರ್ಷ ಕಳೆಯುವಷ್ಟರಲ್ಲಿ ರಾಮನ್ ಅವರಿಗೆ ಮನವರಿಕೆಯಾಯಿತು. ಆಮೇಲೆ ಬೇರೆ ಹುಡುಗಿಯರಿಗೂ ಬಾಗಿಲು ತೆರೆಯಿತು. ಅವಳು ಮುಂದೆ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಡಾಕ್ಟರೇಟ್ ಪಡೆದಳು. ಮದುವೆಯಾದ ಮೇಲೆ ಕಮಲಾ ಸೊಹೋನಿ ಎಂದು ಹೆಸರಾದಳು. ನೀರಾದಲ್ಲಿರುವ ಪೌಷ್ಟಿಕ ಗುಣದ ಬಗ್ಗೆಯೂ ಕೆಲಸ ಮಾಡಿದವಳು ಎಂದಾಗ, ತೆಂಗಿನ ಸೀಮೆಯ ನನಗೆ ಆಕೆ ನಮ್ಮವಳೇ ಅನ್ನಿಸಿಬಿಟ್ಟಳು.

"ಅಷ್ಟು ದೊಡ್ಡವರ ಎದುರು ನಿಂತು 'ಯಾಕೆ' ಅಂತ ಕೇಳಿದ್ದಳಲ್ಲ!" ಎಂದೆ. ಮಗಳು ಹುಲ್ಲು ಕೀಳುತ್ತಾ ಸುಮ್ಮನಿದ್ದಳು.

ಅಲ್ಲಿಂದ ವಿದ್ಯುತ್ ಸಂಪರ್ಕ ಇಂಜಿನಿಯರಿಂಗ್ ವಿಭಾಗಕ್ಕೆ ಹೋದೆವು. ಒಂದು ಮೇಜಿನ ಮೇಲೆ ತಗಡಿನ ಕೊಳವೆ, ತಂತಿ, ತಟ್ಟೆಯಂಥ ಆಂಟೆನಾಗಳು. ಚೂಡಿದಾರ ತೊಟ್ಟ ಹುಡುಗಿಯೊಬ್ಬಳು ಶಾಲೆ ಮಕ್ಕಳಿಗೆ ಅಚ್ಚಕನ್ನಡದಲ್ಲಿ ವಿವರಿಸುತ್ತಿದ್ದಳು. ಮೈಕ್ರೋವೇವ್ ಎಂದರೆ ಕಣ್ಣಿಗೆ ಕಾಣದ ಒಂದು ಬಗೆಯ ಅಲೆ. ಅಡುಗೆಮನೆಯ ಒವನ್ನಿನಲ್ಲಿ ಅನ್ನ ಬಿಸಿ ಮಾಡುವುದು ಅದೇ. ಆಕಾಶದಲ್ಲಿ ವಿಮಾನ ಎಲ್ಲಿದೆಯೆಂದು ರಾಡಾರಿಗೆ ತಿಳಿಸುವುದೂ ಅದೇ. ನಮ್ಮ ಮೊಬೈಲಿನ ಮಾತು ಹೊತ್ತು ಒಯ್ಯುವುದೂ ಅದೇ ಜಾತಿಯ ಅಲೆ. ಇದನ್ನೆಲ್ಲ ಕೇಳುತ್ತಾ ನನಗೊಂದು ಸಂಶಯ ಬಂತು. ತಂಗಿ ಒವನ್ ತಂದಾಗಿನಿಂದ ಅದರ ಹತ್ತಿರ ನಿಲ್ಲಲು ನನಗೆ ಹೆದರಿಕೆ. ಮುಂದೆ ಬಾಗಿ ಕೇಳಿದೆ: "ಇದನ್ನೆಲ್ಲ ಮಾಡಿರೋ ಸಾರು ಎಲ್ಲಿದ್ದಾರಮ್ಮಾ? ಅವರ ಹತ್ರ ಒಂದು ವಿಷಯ ಕೇಳಬೇಕಿತ್ತು."

ಹುಡುಗಿ ನಕ್ಕಳು. "ಸಾರು ಯಾರೂ ಇಲ್ಲ ಆಂಟಿ. ಈ ಆಂಟೆನಾ ಮಾಡಿರೋದು ನಾನೇ. ಏನು ಕೇಳ್ಬೇಕಿತ್ತೋ ನನ್ನನ್ನೇ ಕೇಳಿ."

ಕೋಪವಿಲ್ಲ, ನಾಚಿಕೆಯಿಲ್ಲ, ಎಷ್ಟು ಸಲೀಸಾಗಿ ಹೇಳಿದಳು! ನನಗೇ ಮುಖ ಕೆಂಪಗಾಯಿತು. ತಡವರಿಸುತ್ತಾ ಒವನ್ನಿನ ಹೆದರಿಕೆ ಹೇಳಿಕೊಂಡೆ. ಅವಳು ಹೇಳಿದ್ದನ್ನು ನಿಮಗೂ ಹೇಳಿಬಿಡುತ್ತೇನೆ, ಉಪಯೋಗಕ್ಕೆ ಬರುತ್ತದೆ. ಒವನ್ನಿನ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಬಾಗಿಲಿನ ಗಾಜಿನ ಹಿಂದಿರುವ ಲೋಹದ ಬಲೆಯ ತೂತುಗಳು ಅದಕ್ಕಿಂತ ಎಷ್ಟೋ ಸಣ್ಣವು. ಹಾಗಾಗಿ ಬೆಳಕು ಹೊರಗೆ ಬರುತ್ತದೆ, ಆ ಅಲೆ ಬರಲಾರದು. "ಹಿಟ್ಟಿನ ಜರಡಿಯಲ್ಲಿ ತೆಂಗಿನಕಾಯಿ ಸೋರುತ್ತಾ ಆಂಟಿ?" ಎಂದಳು. ಬಾಗಿಲು ಸೊಟ್ಟಗಾಗಿದ್ದರೆ, ಸರಿಯಾಗಿ ಮುಚ್ಚದಿದ್ದರೆ ಮಾತ್ರ ಬಳಸಬಾರದಂತೆ. ಹತ್ತು ವರ್ಷದ ನನ್ನ ಹೆದರಿಕೆ ಎರಡು ನಿಮಿಷದಲ್ಲಿ ಹೋಯಿತು.

ಆ ವಿಭಾಗದಲ್ಲಿ ಮೈಕ್ರೋವೇವ್ ವಿದ್ಯೆಗೆ ನೆಲೆ ಕಟ್ಟಿದವರಲ್ಲಿ ಒಬ್ಬರು ಹೆಂಗಸು, ಅದೂ ನಮ್ಮ ಕನ್ನಡನಾಡಿನವರು ಎಂದು ಅದೇ ಹುಡುಗಿ ಹೇಳಿದಳು. ಅವರ ಹೆಸರು ರಾಜೇಶ್ವರಿ ಚಟರ್ಜಿ. ಹುಟ್ಟಿದ್ದು 1922ರಲ್ಲಿ. ಅಜ್ಜಿ ಕಮಲಮ್ಮ ದಾಸಪ್ಪನವರು ಹಳೆಯ ಮೈಸೂರು ಸಂಸ್ಥಾನದ ಮೊದಮೊದಲ ಪದವೀಧರೆಯರಲ್ಲಿ ಒಬ್ಬರು, ಮಹಿಳಾ ಸೇವಾ ಸಮಾಜದಲ್ಲಿ ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. ಅಂಥ ಅಜ್ಜಿಯ ಶಾಲೆಯಲ್ಲೇ ಮೊಮ್ಮಗಳ ಅಕ್ಷರಾಭ್ಯಾಸ. ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಮೈಸೂರು ವಿಶ್ವವಿದ್ಯಾಲಯಕ್ಕೇ ಮೊದಲಿಗರಾಗಿ, 1943ರಲ್ಲಿ ಇಲ್ಲಿಗೆ ಸೇರಿದರು. ಸರ್ಕಾರದ ವಿದ್ಯಾರ್ಥಿವೇತನ ಪಡೆದು 1947ರಲ್ಲಿ ಒಬ್ಬರೇ ಅಮೆರಿಕದ ಮಿಷಿಗನ್‌ಗೆ ಹೋದರು. 1953ರಲ್ಲಿ ಡಾಕ್ಟರೇಟ್ ಮುಗಿಸಿ ಹಿಂದಿರುಗಿ ಇದೇ ವಿಭಾಗದಲ್ಲಿ ಅಧ್ಯಾಪಕಿಯಾದರು. ಅದೇ ವರ್ಷ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಗಂಡಹೆಂಡಿರು ಸೇರಿ ಇಲ್ಲಿ ಮೈಕ್ರೋವೇವ್ ಸಂಶೋಧನೆಯನ್ನು ಬೆಳೆಸಿದರು. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಅವರನ್ನು ಕರೆಯುತ್ತಾರೆ. ಅವರ ಕೈಕೆಳಗೆ 20 ಜನ ಡಾಕ್ಟರೇಟ್ ಪಡೆದರು. 1982ರಲ್ಲಿ ನಿವೃತ್ತರಾದ ಮೇಲೆ ಸುಮ್ಮನೆ ಕೂರದೆ ಮಹಿಳೆಯರ ಏಳಿಗೆಯ ಕೆಲಸಕ್ಕೆ ತೊಡಗಿದರು. ತೀರಿಕೊಂಡದ್ದು 2010ರಲ್ಲಿ.

ಹೊರಗೆ ಬಂದ ಮೇಲೆ ಮಗಳು ಮೆಲ್ಲಗೆ ಅಂದಳು: "ಅಮ್ಮ, ಆ ಗಿರಾಕಿ ನನ್ನನ್ನ ಕೇಳಿದ್ದೂ ಇದನ್ನೇ. 'ಸಾರು ಎಲ್ಲಿದ್ದಾರೆ' ಅಂತ."

ನನ್ನ ಹೆತ್ತ ಮಗಳು ಇಂಜಿನಿಯರ್. ಅವಳ ದುಃಖ ಕೇಳಿ ಹಿಂದಿನ ರಾತ್ರಿ ಕಣ್ಣೀರು ಹಾಕಿದವಳು ನಾನು. ಬೆಳಗಾಗುತ್ತಲೇ ಇನ್ನೊಬ್ಬರ ಮಗಳನ್ನು ಅದೇ ಪ್ರಶ್ನೆ ಕೇಳಿ ಬಂದವಳೂ ನಾನೇ! ಎಲ್ಲಿ ಮುಖ ಮುಚ್ಚಿಕೊಳ್ಳಲಿ?

ಮಧ್ಯಾಹ್ನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಮೊಸರನ್ನ, ಉಪ್ಪಿನಕಾಯಿ, ನಾನು ತಂದಿದ್ದ ಕೋಡುಬಳೆ. ಎದುರಿಗೆ ಒಂದು ನೋಟೀಸ್ ಬೋರ್ಡು ಕಂಡಿತು. ಅದನ್ನು ನೋಡಿದ ಕೂಡಲೇ ಸುಧಾಮೂರ್ತಿಯವರ ಪ್ರಸಂಗ ನೆನಪಾಯಿತು. ನೀವೂ ಓದಿರುತ್ತೀರಿ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಇಲ್ಲಿ ಮೇಲಿನ ಓದಿಗೆ ಬಂದಿದ್ದ ಹುಡುಗಿ, ತಮ್ಮ ವಿಭಾಗಕ್ಕೆಲ್ಲ ಒಬ್ಬರೇ ಹೆಣ್ಣು. 1974ರಲ್ಲಿ ಇಲ್ಲಿಯದೇ ಒಂದು ನೋಟೀಸ್ ಬೋರ್ಡಿನಲ್ಲಿ ಟೆಲ್ಕೋ ಕಂಪನಿಯ ಜಾಹೀರಾತು ನೋಡಿದರು. ಕೊನೆಯಲ್ಲಿ, ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂದಿತ್ತು. ಆ ಕೆಲಸ ಅವರಿಗೆ ಬೇಕೂ ಇರಲಿಲ್ಲ, ಮುಂದೆ ಓದುವ ಆಸೆಯಿತ್ತು. ಆದರೂ ಸುಮ್ಮನಾಗಲಿಲ್ಲ. ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡ್ ಗೀಚಿದರು. ಪುಣೆಗೆ ಸಂದರ್ಶನಕ್ಕೆ ಬರುವಂತೆ ತಂತಿ ಬಂತು. ಕಾರ್ಖಾನೆಯೊಳಗೆ ಕೆಲಸಕ್ಕೆ ನೇಮಕವಾದ ಅಲ್ಲಿಯ ಮೊದಲ ಮಹಿಳಾ ಇಂಜಿನಿಯರ್ ಅವರೇ ಆದರು.

ಒಂದು ಪೋಸ್ಟ್‌ಕಾರ್ಡು! ಕೆಲವೇ ಸಾಲು!

ಕೋಡುಬಳೆ ಮುರಿಯುತ್ತಾ ನಾನು ಯೋಚನೆಗೆ ಬಿದ್ದೆ. ಮೂವರೂ ಓದಿನಲ್ಲಿ ಎಲ್ಲರಿಗಿಂತ ಮುಂದು, ಮೈಮುರಿದು ದುಡಿದವರು. ಸರಿಯೇ. ಆದರೆ ಒಬ್ಬಳು ಎದುರು ನಿಂತು 'ಯಾಕೆ' ಎಂದು ಕೇಳಿದಳು. ಇನ್ನೊಬ್ಬರು ಕಾಗದ ಬರೆದರು. ಮತ್ತೊಬ್ಬರು ತರಗತಿಯ ಕಪ್ಪುಹಲಗೆಯ ಮುಂದೆ ವರ್ಷಗಟ್ಟಲೆ ನಿಂತು ತಮ್ಮ ವಿದ್ಯೆಯನ್ನು ತಮ್ಮ ಬಾಯಿಂದಲೇ ಹೇಳಿಕೊಟ್ಟರು. ಯಾರೂ ಕೆಲಸ ಮಾಡಿಟ್ಟು, ಯಾರಾದರೂ ನೋಡಿಯಾರು ಎಂದು ಮೂಲೆಯಲ್ಲಿ ನಿಲ್ಲಲಿಲ್ಲ.

ನಾನು ಮಗಳಿಗೆ ಹೇಳಿಕೊಟ್ಟದ್ದೇನು? "ಬಾಯಿ ಮುಚ್ಚಿಕೊಂಡು ಕೆಲಸ ಮಾಡು, ಒಳ್ಳೆ ಕೆಲಸ ತಾನಾಗಿ ಗೊತ್ತಾಗುತ್ತೆ. ನಾನು ಮಾಡಿದೆ, ನಾನು ಮಾಡಿದೆ ಅಂತ ಹೇಳ್ಕೋಬಾರದು." ನನ್ನ ಅಮ್ಮ ನನಗೆ ಹೇಳಿದ್ದನ್ನೇ ನಾನು ಅವಳಿಗೆ ದಾಟಿಸಿದ್ದೆ. ಅದು ತಾನಾಗಿ ಗೊತ್ತಾಗುತ್ತದೆಯೇ? ನನ್ನನ್ನೇ ನೋಡಿ. ಇಪ್ಪತ್ತನಾಲ್ಕು ವರ್ಷದಿಂದ ನಮ್ಮ ಕೊಬ್ಬರಿ ಮಂಡಿಯ ಲೆಕ್ಕ ಬರೆಯುವವಳು ನಾನು. ರಾತ್ರಿ ಪಾತ್ರೆ ತೊಳೆದ ಮೇಲೆ ಕೂತು, ಎಷ್ಟು ಕ್ವಿಂಟಲ್ ಬಂತು, ಯಾರಿಗೆ ಎಷ್ಟು ಬಾಕಿ, ಪೈಸೆ ತಪ್ಪದಂತೆ ಬರೆದಿಡುತ್ತೇನೆ. ಊರಿನವರು ಮಾತ್ರ, "ನಿಮ್ಮ ಯಜಮಾನರ ಲೆಕ್ಕ ಅಂದರೆ ಲೆಕ್ಕ ಕಣ್ರೀ" ಎನ್ನುತ್ತಾರೆ. ನಾನು ಕಾಫಿ ಕೊಟ್ಟು ಒಳಗೆ ಹೋಗುತ್ತೇನೆ. ನಮ್ಮವರೂ ಕೆಟ್ಟವರಲ್ಲ. ಅವರಿಗದು ಹೊಳೆದೇ ಇಲ್ಲ, ಅಷ್ಟೆ. ನಾನೂ ಹೇಳಲಿಲ್ಲ.

ಇದನ್ನು ಮಗಳ ಹತ್ತಿರ ಮೊದಲ ಸಲ ಬಾಯಿಬಿಟ್ಟು ಹೇಳಿದೆ. ಅವಳು ನನ್ನನ್ನೇ ನೋಡಿ, "ಅಪ್ಪ ಬರೀತಾರೆ ಅಂತ ನಾನೂ ಅಂದ್ಕೊಂಡಿದ್ದೆ ಅಮ್ಮ" ಎಂದಳು. ಇಬ್ಬರಿಗೂ ನಗು ಬಂತು. ಕಣ್ಣಲ್ಲಿ ನೀರೂ ಬಂತು.

ಅಲ್ಲೇ ಕೂತು ಒಂದು ಉಪಾಯ ಮಾಡಿದೆವು. ಗೋಳಾಡುವುದು ಬೇಡ, ಜಗಳವೂ ಬೇಡ. ಲೆಕ್ಕದ ಹಾಗೆ ಬರೆಯಬೇಕು: ಯಾವ ದಿನ, ಯಾವ ತೊಂದರೆ, ತಾನೇನು ಮಾಡಿದೆ, ಎಷ್ಟು ಹೊತ್ತಿನಲ್ಲಿ ಸರಿಹೋಯಿತು. ಮುಗಿದ ಕೂಡಲೇ ಮೇಲಧಿಕಾರಿಗೆ ನಾಲ್ಕು ಸಾಲು ತಾನೇ ಕಳಿಸಬೇಕು. ಯಾರೋ ಬರೆದಾರು ಎಂದು ಬೆಳಗಿನವರೆಗೆ ಕಾಯಬಾರದು. ಮೀಟಿಂಗಿನಲ್ಲಿ ಬರೆದುಕೊಳ್ಳುವ ಕೆಲಸ ಸರದಿಯ ಮೇಲೆ ಬರಲಿ ಎಂದು ಎಲ್ಲರ ಮುಂದೆ ಕೇಳಬೇಕು. ಗುಂಪಿನ ಇನ್ನೊಬ್ಬ ಹುಡುಗಿಯ ಮಾತನ್ನು ಯಾರಾದರೂ ತುಂಡರಿಸಿದರೆ, "ಅವಳು ಹೇಳಿ ಮುಗಿಸಲಿ" ಎಂದು ಇವಳು ಹೇಳಬೇಕು. ಅವಳೂ ಇವಳಿಗೆ ಹಾಗೆಯೇ ಮಾಡಬೇಕು. ಈ ಕೊನೆಯದು ನನ್ನದೇ ಸಲಹೆ. ವಾರಗಿತ್ತಿಯರು ಒಟ್ಟಾದರೆ ಮನೆಯಲ್ಲಿ ಏನೇನು ನಡೆಯುತ್ತದೆಂದು ನನಗೆ ಗೊತ್ತಿಲ್ಲವೇ?

ಇನ್ನೊಂದು ಮಾತು. ಮರ್ಯಾದೆ ಮೀರಿದ ನಡತೆ, ಮುಟ್ಟುವುದು, ಅಶ್ಲೀಲ ಮಾತು, ಇವು ಬೇರೆ. ಅದನ್ನು ಉಪಾಯದಿಂದ ನಿಭಾಯಿಸಲು ಹೋಗಬಾರದು. 2013ರ ಕಾನೂನಿನಂತೆ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಪ್ರತಿಯೊಂದು ಕಡೆ ದೂರು ಕೇಳುವ ಸಮಿತಿ ಇರಲೇಬೇಕು, ಅದರ ಮುಖ್ಯಸ್ಥೆ ಹೆಂಗಸೇ ಆಗಿರಬೇಕು. ನಿಮ್ಮ ಮಗಳು ಕೆಲಸಕ್ಕೆ ಹೊರಟಿದ್ದರೆ ಡಬ್ಬಿಯ ಜೊತೆ ಇದನ್ನೂ ಕಟ್ಟಿಕೊಡಿ.

ಭಾನುವಾರ ಸಂಜೆಯ ರೈಲಿಗೆ ಯಶವಂತಪುರಕ್ಕೆ ಬಂದು ನನ್ನನ್ನು ಹತ್ತಿಸುವಾಗ ಮಗಳು ಕೇಳಿದಳು: "ಚೀಲದ ತಳದಲ್ಲಿದ್ದ ಖಾಲಿ ಚೀಲ ನೋಡಿದೆ ಅಮ್ಮ. ನನ್ನನ್ನ ಕರ್ಕೊಂಡು ಹೋಗೋಕೆ ತಂದಿದ್ಯಾ?" ಸುಳ್ಳು ಹೇಳಲಾಗಲಿಲ್ಲ. "ಬರ್ತೀಯಾ?" ಎಂದೆ. "ಆರು ತಿಂಗಳು ನೋಡ್ತೀನಿ. ಆಮೇಲೂ ಹೀಗೇ ಇದ್ರೆ ಕಂಪನಿ ಬದಲಾಯಿಸ್ತೀನಿ. ಕೆಲಸ ಬಿಡಲ್ಲ" ಎಂದಳು. ರೈಲು ಹೊರಟಿತು. ಕೆಲಸ ಬಿಡುವುದಕ್ಕೂ ಕಂಪನಿ ಬದಲಾಯಿಸುವುದಕ್ಕೂ ಇರುವ ವ್ಯತ್ಯಾಸ ತುಮಕೂರು ದಾಟುವಷ್ಟರಲ್ಲಿ ನನಗೆ ಅರ್ಥವಾಯಿತು.

ಎಲ್ಲ ಸರಿಹೋಯಿತು ಎಂದು ಬರೆದರೆ ನೀವೂ ನಂಬಲಾರಿರಿ. ಮೀಟಿಂಗಿನ ಬರವಣಿಗೆ ಈಗ ಸರದಿಯ ಮೇಲೆ ನಡೆಯುತ್ತಿದೆಯಂತೆ. ಮೇಲಧಿಕಾರಿ ಒಮ್ಮೆ ಇವಳ ನಾಲ್ಕು ಸಾಲನ್ನು ಇವಳ ಹೆಸರಿನೊಂದಿಗೇ ಮೇಲಕ್ಕೆ ಕಳಿಸಿದರಂತೆ. ಕೇಕು ತರಿಸುವುದು ಮಾತ್ರ ಇನ್ನೂ ಇವಳ ಪಾಲಿಗೇ! ಹೋದ ವಾರ ಮತ್ತೊಬ್ಬ ಗಿರಾಕಿ, ತಾಂತ್ರಿಕ ವಿಷಯ ಗೊತ್ತಿರುವವರನ್ನು ಕೊಡಿ ಎಂದಾಗ, "ನಾನೇ ಅದು, ಹೇಳಿ" ಎಂದಳಂತೆ. ಅವನು ಎರಡು ಕ್ಷಣ ಸುಮ್ಮನಿದ್ದು ಆಮೇಲೆ ಹೇಳಿದನಂತೆ. ಆ ಎರಡು ಕ್ಷಣ ತನ್ನ ಎದೆ ಡವಡವ ಅಂತಿತ್ತು ಎಂದು ಫೋನಿನಲ್ಲಿ ನಕ್ಕಳು.

ಓಪನ್ ಡೇಗೆ ಹೋಗಬೇಕೆನ್ನುವವರಿಗೆ ಒಂದೆರಡು ಸೂಚನೆ. ಸಾಮಾನ್ಯವಾಗಿ ಫೆಬ್ರವರಿ ಕೊನೆ ಅಥವಾ ಮಾರ್ಚಿನ ಒಂದು ಶನಿವಾರ ಇರುತ್ತದೆ, ದಿನಾಂಕ ಮೊದಲೇ ವಿಚಾರಿಸಿಕೊಳ್ಳಿ. ಪ್ರವೇಶಕ್ಕೆ ಹಣವಿಲ್ಲ. ನಡಿಗೆ ಬಹಳ, ಹಳೆಯ ಚಪ್ಪಲಿ ಹಾಕಿಕೊಳ್ಳಿ. ನೀರು, ಬುತ್ತಿ ಜೊತೆಗಿರಲಿ. ಹೆಣ್ಣುಮಕ್ಕಳನ್ನು ತಪ್ಪದೆ ಕರೆದುಕೊಂಡು ಹೋಗಿ. ಅಲ್ಲಿ ಯಾರಾದರೂ ಹುಡುಗಿ ಮೇಜಿನ ಹಿಂದೆ ನಿಂತಿದ್ದರೆ, ದಯವಿಟ್ಟು ಸಾರು ಎಲ್ಲಿ ಎಂದು ಕೇಳಬೇಡಿ.

ಅಂದಹಾಗೆ, ಖಾಲಿ ಚೀಲ ಮನೆಗೆ ಬಂದದ್ದು ಖಾಲಿ ಡಬ್ಬಿಗಳನ್ನು ತುಂಬಿಕೊಂಡು. ಬಂದ ನಾಲ್ಕನೇ ದಿನ ಅರಸೀಕೆರೆಯ ವ್ಯಾಪಾರಿಯೊಬ್ಬರು ಬಾಕಿ ತೀರಿಸಲು ಬಂದರು. ಪುಸ್ತಕ ನೋಡಿ, "ನಿಮ್ಮ ಲೆಕ್ಕ ಅಂದರೆ ಲೆಕ್ಕ" ಎಂದು ನಮ್ಮವರ ಬೆನ್ನು ತಟ್ಟಿದರು. ನಾನು ಕಾಫಿ ಲೋಟ ಕೆಳಗಿಟ್ಟು, "ಬರೆಯೋದು ನಾನು" ಎಂದೆ. ದನಿ ಸ್ವಲ್ಪ ನಡುಗಿತು. ನಮ್ಮವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ, "ಹೌದು, ಮೊದಲಿಂದಲೂ ಇವಳದೇ" ಎಂದು ಪುಸ್ತಕವನ್ನು ನನ್ನ ಕಡೆಗೆ ಸರಿಸಿದರು.